ತಾಲ್ಲೂಕು ಅಭಿವೃದ್ಧಿ ಸೂಚ್ಯಂಕ (ಕರ್ನಾಟಕ)

ತಾಲ್ಲೂಕೊಂದು ಎಷ್ಟು ಮುಂದುವರಿದಿದೆ, ಎಷ್ಟು ಹಿಂದುಳಿದಿದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಮಾಪನ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿ ಇದನ್ನು ರೂಪಿಸಿತು. 2000ರಲ್ಲಿ ರಚನೆಯಾದ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು.

ಸೂಚ್ಯಂಕದ ಬುನಾದಿ ಒಂದು ದೊಡ್ಡ ಮಾತೃಕೆ: ಅಡ್ಡಸಾಲುಗಳಲ್ಲಿ ಆಗಿನ 175 ತಾಲ್ಲೂಕುಗಳು, ಕಂಬಸಾಲುಗಳಲ್ಲಿ ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ ಮೊದಲಾದವುಗಳ 35 ಸೂಚಕಗಳು. ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಲಾಯಿತು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದ’ವು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ 39ರಲ್ಲಿ ಸೇರಿದವು. ಬಾಗೇವಾಡಿಯ ಸ್ಥಾನವಂತೂ ನೋಯಿಸುವಂಥದ್ದು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟು ಆಗ ಇದೇ ತಾಲ್ಲೂಕಿನಲ್ಲಿತ್ತು. ಹಿನ್ನೀರಿಗೆ ಹೊಲ, ಮನೆ ಬಿಟ್ಟುಕೊಟ್ಟ ಸೀಮೆಯೇ ಅತ್ಯಂತ ಹಿಂದುಳಿದವರ ಪಟ್ಟಿಯಲ್ಲಿ ನಿಂತಿತು. ನೆಲದ ನಷ್ಟಕ್ಕೂ ಅದರಿಂದ ಬಂದ ಲಾಭಕ್ಕೂ ನಡುವಿನ ಅಂತರವನ್ನು ಯಾವ ಸರಾಸರಿಯೂ ಪೂರ್ತಿ ಹಿಡಿಯಲಾರದು.

ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚಕ್ಕೆ ಸಮಿತಿ ಶಿಫಾರಸು ಮಾಡಿತು, ಅದರಲ್ಲಿ ಶೇ. 60 ಉತ್ತರ ಕರ್ನಾಟಕಕ್ಕೆ. ಈ ಶಿಫಾರಸಿನಂತೆ ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದದ್ದು 2007-08ರಲ್ಲಿ. ನಂಜುಂಡಪ್ಪ 2005ರಲ್ಲೇ ತೀರಿಕೊಂಡಿದ್ದರು.

ಮುಂದೆ ಸೂಚ್ಯಂಕದ ಅಡ್ಡಸಾಲುಗಳೇ ಹಳತಾದವು. 2017ರ ಬಜೆಟ್ ಘೋಷಣೆಯ ಬಳಿಕ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ಬೇರೆಯಾದವು. ಆಲಮಟ್ಟಿ ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ತಾಯಿ ತಾಲ್ಲೂಕಿನ 2002ರ ಅಂಕಿಯನ್ನೇ ಹೊಸ ತಾಲ್ಲೂಕಿಗೂ ಹಚ್ಚುವುದು ಅನ್ಯಾಯ: ಭೀಮಾ ದಂಡೆಯ ಊರಿಗೂ ಮಳೆಯನ್ನೇ ನೆಚ್ಚಿದ ಊರಿಗೂ ಕೊರತೆ ಒಂದೇ ಬಗೆಯದಲ್ಲ.

2024ರಲ್ಲಿ ರಾಜ್ಯ ಸರ್ಕಾರ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಿಸಿ, ಪ್ರಾದೇಶಿಕ ಅಸಮತೋಲನದ ಮರು ಅಧ್ಯಯನವನ್ನು ಅದಕ್ಕೆ ವಹಿಸಿತು.