ಕವಾಯ್ ಅಧ್ಯಯನ

ಹವಾಯಿ ದ್ವೀಪಸಮೂಹದ ಕವಾಯ್ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಶಿಶುಗಳನ್ನು ನಡುವಯಸ್ಸಿನವರೆಗೆ ಅನುಸರಿಸಿ, ವಿಪತ್ತಿನಲ್ಲಿಯೂ ಕುಗ್ಗದ ಮನೋಧೈರ್ಯದ ಮೂಲವನ್ನು ಪರಿಶೀಲಿಸಿದ ಮನೋವೈಜ್ಞಾನಿಕ ಸಂಶೋಧನೆ. ಎಮ್ಮಿ ವರ್ನರ್, ರೂತ್ ಸ್ಮಿತ್ ಇದರ ಪ್ರಮುಖ ಕರ್ತೃಗಳು. ದಾರಿದ್ರ್ಯ, ಪ್ರಸವಕಾಲದ ತೊಡಕು, ಗೃಹಕಲಹ, ತಂದೆತಾಯಿಗಳ ಮದ್ಯವ್ಯಸನ ಅಥವಾ ಮನೋವ್ಯಾಧಿ ಇವುಗಳಲ್ಲಿ ಹಲವು ಒಟ್ಟಾಗಿ ಎರಗಿದ ಮಕ್ಕಳಲ್ಲಿಯೂ ಸುಮಾರು ಮೂರನೆಯ ಒಂದು ಪಾಲು ಸಮರ್ಥರೂ ಆತ್ಮವಿಶ್ವಾಸಿಗಳೂ ಪರರಲ್ಲಿ ಮಮತೆಯುಳ್ಳವರೂ ಆಗಿ ಬೆಳೆದುದು ವಿದ್ವಾಂಸರನ್ನು ಚಕಿತಗೊಳಿಸಿತು. ಅಂಥವರಿಗೆ ಅಜ್ಜಿಯೋ ಅಕ್ಕನೋ ನೆರೆಯವರೋ ಉಪಾಧ್ಯಾಯರೋ ಒಬ್ಬರಾದರೂ ಕೈಬಿಡದ ಆಪ್ತರಿದ್ದರು. ತಮ್ಮತಂಗಿಯರನ್ನು ನೋಡಿಕೊಳ್ಳುವಂಥ, ಮನೆಗೆ ನಿಜವಾಗಿ ಬೇಕಾದ ಹೊಣೆಯೂ ಕೆಲವರ ಪಾಲಿಗೆ ಬಂದಿದ್ದಿತು. ತಾರುಣ್ಯದಲ್ಲಿ ಎಡವಿದವರಲ್ಲಿಯೂ ಬಹುಮಂದಿ ಮುಂದೆ ಉಚ್ಚಶಿಕ್ಷಣ, ಸೈನ್ಯಸೇವೆ, ಅನುಕೂಲ ದಾಂಪತ್ಯಗಳ ಆಶ್ರಯದಿಂದ ಚೇತರಿಸಿಕೊಂಡರೆಂಬುದು, ಅಷ್ಟಾಗಿ ಪ್ರಚಾರಕ್ಕೆ ಬಾರದಿದ್ದರೂ, ಈ ಅಧ್ಯಯನದ ಅತ್ಯಂತ ಬೆಲೆಯುಳ್ಳ ಭಾಗವೆನ್ನಬೇಕು.