ಉಬ್ಬಿದ ಅಭಿಧಮನಿಗಳ ತಡೆ

ಕಾಲಿನ ಚರ್ಮದ ಅಡಿಯಲ್ಲಿರುವ ಅಭಿಧಮನಿಗಳು ಹಿಗ್ಗಿ, ಅಂಕುಡೊಂಕಾಗಿ ಎದ್ದು ಕಾಣುವ ಸ್ಥಿತಿಯೇ ಉಬ್ಬಿದ ಅಭಿಧಮನಿ. ವೆರಿಕೋಸ್ ವೇನ್ಸ್ ಎಂಬ ಹೆಸರೂ ಈಗ ರೂಢಿಯಲ್ಲಿದೆ. ಆಡುಮಾತಿನಲ್ಲಿ ‘ನರ ಉಬ್ಬಿದೆ’ ಎನ್ನುವುದುಂಟಾದರೂ ಇದು ರಕ್ತನಾಳದ ದೋಷವೇ ಹೊರತು ನರದ್ದಲ್ಲ.

ಕಾರಣ

ಪಾದದ ರಕ್ತವು ಗುರುತ್ವಾಕರ್ಷಣೆಗೆ ಎದುರಾಗಿ ಹೃದಯದತ್ತ ಏರಬೇಕು. ಹೆಜ್ಜೆಯಿಟ್ಟಾಗಲೆಲ್ಲ ಮೀನಖಂಡದ ಸ್ನಾಯುಗಳು ಒಳಗಿನ ಅಭಿಧಮನಿಗಳನ್ನು ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತವೆ; ಅದು ಹಿಂದಿರುಗದಂತೆ ಕವಾಟಗಳು ತಡೆಯುತ್ತವೆ. ಪಡುವಾದ ಅಂಗರಚನಾ ತಜ್ಞ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳನ್ನು ವಿವರಿಸಿದನು. ಅವುಗಳ ನಿಜವಾದ ಕೆಲಸವನ್ನು ತೋರಿಸಿಕೊಟ್ಟವನು ಅವನ ಶಿಷ್ಯ ವಿಲಿಯಂ ಹಾರ್ವೆ, 1628ರ ತನ್ನ ಗ್ರಂಥದಲ್ಲಿ. ಕವಾಟಗಳು ದುರ್ಬಲಗೊಂಡರೆ ರಕ್ತವು ಕೆಳಗೆ ತಂಗಿ ನಾಳವು ಹಿಗ್ಗುತ್ತದೆ. ಆನುವಂಶಿಕತೆ, ವಯಸ್ಸು ಹಾಗೂ ಗರ್ಭಧಾರಣೆಗೂ ಇದರಲ್ಲಿ ಪಾತ್ರವಿರುವುದರಿಂದ ಅಭ್ಯಾಸಗಳಿಂದ ಇದನ್ನು ಸಂಪೂರ್ಣವಾಗಿ ತಡೆಯಲಾಗದು. ನಾಳಗಳ ಮೇಲಿನ ಒತ್ತಡವನ್ನು ತಗ್ಗಿಸಬಹುದು.

ದೈನಂದಿನ ಅಭ್ಯಾಸಗಳು

ನಡಿಗೆಯೇ ಇವುಗಳಲ್ಲಿ ಮುಖ್ಯವಾದುದು. ದಣಿಯುವಷ್ಟು ನಡೆಯುವುದಕ್ಕಿಂತ ಅಲುಗಾಡದೆ ನಿಲ್ಲುವುದೇ ಕಾಲಿಗೆ ಹೆಚ್ಚು ಭಾರ. ಕರಿಹಲಗೆಯ ಮುಂದೆ ಪಾಠ ಹೇಳುವವರು, ಅಡುಗೆಯವರು, ಇಸ್ತ್ರಿ ಮಾಡುವವರು, ಸಂಚಾರಿ ಪೊಲೀಸರು ನಿಂತಲ್ಲಿಯೇ ಆಗಾಗ ಹಿಮ್ಮಡಿಗಳನ್ನು ಎತ್ತಿ ಇಳಿಸಿದರೂ ಮೀನಖಂಡಕ್ಕೆ ಕೆಲಸ ಸಿಗುತ್ತದೆ. ರಾತ್ರಿ ಬಸ್ಸಿನ ಪ್ರಯಾಣದಲ್ಲಿ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಸಂಜೆ ಕಾಲುಗಳನ್ನು ದಿಂಬಿನ ಮೇಲೆ ಹೃದಯಕ್ಕಿಂತ ಎತ್ತರದಲ್ಲಿಟ್ಟು ಕಾಲು ಗಂಟೆ ಮಲಗುವುದು ಹಿತಕರ. ದೇಹತೂಕವನ್ನು ಹತೋಟಿಯಲ್ಲಿಡುವುದೂ ಅಗತ್ಯ.

ಬಿಗಿ ಕಾಲುಚೀಲಗಳು ಊತವನ್ನು ಇಳಿಸುತ್ತವೆಯಾದರೂ ಹಿಗ್ಗಿದ ನಾಳವನ್ನು ಮೊದಲಿನಂತೆ ಮಾಡಲಾರವು. ಅವುಗಳನ್ನು ಬೆಳಿಗ್ಗೆ ಊತ ಬರುವ ಮೊದಲೇ ತೊಡಬೇಕು. ಕಾಲಿನ ಅಪಧಮನಿಗಳಲ್ಲಿ ರಕ್ತಸಂಚಾರ ಕಡಿಮೆಯಿರುವವರು ವೈದ್ಯರನ್ನು ಕೇಳದೆ ಧರಿಸಕೂಡದು.

ಕುಳಿತುಕೊಳ್ಳಲು ಅನುಮತಿಯೇ ಇಲ್ಲದವರಿಗೆ ಇಂತಹ ಸಲಹೆಗಳಿಂದ ಪ್ರಯೋಜನ ಅಲ್ಪ. ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುತ್ತಿದ್ದ ಮಹಿಳೆಯರ ಹೋರಾಟದ ಫಲವಾಗಿ ಕೇರಳವು 2018ರಲ್ಲಿ ಅಂಗಡಿ ನೌಕರರಿಗೆ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಅಂತಹುದೇ ತಿದ್ದುಪಡಿ ತಂದಿತು.

ಎಚ್ಚರಿಕೆ

ಒಂದೇ ಕಾಲು ಹಠಾತ್ತನೆ ಊದಿಕೊಂಡು ನೋವು, ಬಿಸಿ ಕಾಣಿಸಿದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶ ಸೇರುವ ಅಪಾಯವಿದೆ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಬ್ಬಿದ ನಾಳ ಒಡೆದು ರಕ್ತ ಸುರಿದಾಗ ರೋಗಿಯನ್ನು ಮಲಗಿಸಿ, ಕಾಲನ್ನು ಮೇಲೆತ್ತಿ, ಶುಭ್ರವಾದ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿ ಹಿಡಿದು ವೈದ್ಯಕೀಯ ನೆರವು ಪಡೆಯಬೇಕು.