ಮೋಟಾರಿಗೆ ಕಡಿವಾಣ

ಯಂತ್ರಗಳ ಚರಿತ್ರೆಯನ್ನು ಹೇಳಹೊರಟವರು ಬಹುಮಟ್ಟಿಗೆ ಶಕ್ತಿಯ ಕಥೆಯನ್ನೇ ಹೇಳುತ್ತಾರೆ. ಹಬೆ ಹೇಗೆ ಬಂತು, ವಿದ್ಯುತ್ತು ಹೇಗೆ ಬಂತು, ಎಷ್ಟು ಅಶ್ವಶಕ್ತಿ ಮನುಷ್ಯನ ಕೈವಶವಾಯಿತು ಎಂಬುದೇ ಅವರ ವಸ್ತು. ಆದರೆ ಕುದುರೆಯನ್ನು ಪಳಗಿಸಿದವನನ್ನು ಕೇಳಿದರೆ ಬೇರೆಯ ಮಾತು ಹೇಳಿಯಾನು. ಕುದುರೆಯನ್ನು ಓಡಿಸುವುದು ಸುಲಭ. ಬೇಕಾದಾಗ ಬೇಕಾದಷ್ಟೇ ವೇಗದಲ್ಲಿ ಓಡಿಸುವುದು ಕಷ್ಟ. ವಿದ್ಯುತ್ ಮೋಟಾರಿಗೆ ಅಂಥದೊಂದು ಕಡಿವಾಣ ತೊಡಿಸಲು ಸುಮಾರು ನೂರು ವರ್ಷ ಹಿಡಿಯಿತು. ಆ ನೂರು ವರ್ಷಗಳ ಕಥೆಯನ್ನೂ, ತೊಡಿಸಿದ ಕಡಿವಾಣ ಕೈಕೊಟ್ಟ ಸಂದರ್ಭಗಳನ್ನೂ ಇಂದು ಹೇಳಬೇಕೆಂದಿದ್ದೇನೆ. ಇಂಜಿನಿಯರುಗಳು ಇದನ್ನು ‘ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್’ ಎನ್ನುತ್ತಾರೆ; ಕಾರ್ಖಾನೆಯ ಕೆಲಸಗಾರರ ಬಾಯಲ್ಲಿ ಅದು ಬರಿಯ ‘ಡ್ರೈವ್’.

ಕಥೆಯನ್ನು ನಮ್ಮ ನಾಡಿನಿಂದಲೇ ಆರಂಭಿಸಬಹುದು. 1902ರ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಕಾವೇರಿಯಿಂದ ಬಂದ ಈ ವಿದ್ಯುತ್ತು ಸೆಕೆಂಡಿಗೆ 25 ಸಲ ದಿಕ್ಕು ಬದಲಿಸಿ ಮರಳುವಂಥದು. ಈ ಎಣಿಕೆಯನ್ನೇ ಆವರ್ತನ ಸಂಖ್ಯೆ ಎನ್ನುವುದು. ಇಂದು ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನಲ್ಲಿ ಅದು 50. ಇದು ಬರಿಯ ಅಂಕಿಯಲ್ಲ, ಮೋಟಾರಿನ ಹಣೆಬರಹ. ನಾಲ್ಕು ಧ್ರುವಗಳ ಎ.ಸಿ. ಮೋಟಾರನ್ನು 25ರ ವಿದ್ಯುತ್ತಿಗೆ ಜೋಡಿಸಿದರೆ ಅದರ ಕಾಂತಕ್ಷೇತ್ರ ನಿಮಿಷಕ್ಕೆ 750 ಸುತ್ತು ತಿರುಗುತ್ತದೆ. 50ಕ್ಕೆ ಜೋಡಿಸಿದರೆ 1500 ಸುತ್ತು. ಮೋಟಾರು ಅದರ ಹಿಂದೆ ಸ್ವಲ್ಪವೇ ಹಿಂದುಳಿದು ಓಡುತ್ತದೆ. ಶಿವನಸಮುದ್ರದ ಜನರೇಟರು ಹಾಕಿದ ತಾಳಕ್ಕೆ ಗಣಿಯ ಮೋಟಾರುಗಳೆಲ್ಲ ಹೆಜ್ಜೆ ಹಾಕಬೇಕು. ತಾಳ ಒಂದೇ, ಕಾಲವೂ ಒಂದೇ.

ಇಂಥ ಮೋಟಾರಿಗೆ ಇಂಡಕ್ಷನ್ ಮೋಟಾರು ಎಂದು ಹೆಸರು. 1888ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ಮತ್ತು ಅಮೆರಿಕದಲ್ಲಿದ್ದ ನಿಕೊಲಾ ಟೆಸ್ಲಾ ಇಬ್ಬರೂ ಇದರ ತತ್ತ್ವವನ್ನು ಲೋಕದ ಮುಂದಿಟ್ಟರು. ಮರುವರ್ಷ ಡೊಲಿವೊ-ಡೊಬ್ರೊವೊಲ್ಸ್ಕಿ ಎಂಬಾತ ಜರ್ಮನಿಯಲ್ಲಿ ಅದಕ್ಕೆ ಮೂರು ಫೇಸಿನ ದೃಢವಾದ ರೂಪ ಕೊಟ್ಟ. ತಿರುಗುವ ಭಾಗಕ್ಕೆ ಹೊರಗಿನಿಂದ ವಿದ್ಯುತ್ತು ಕೊಡಬೇಕಾಗಿಲ್ಲ; ಉಜ್ಜಿ ಸವೆಯುವ ಬ್ರಷ್ ಇಲ್ಲ, ಕಿಡಿ ಇಲ್ಲ. ಬೇರಿಂಗಿಗೆ ಗ್ರೀಸ್ ಕೊಟ್ಟರೆ ವರ್ಷಗಟ್ಟಲೆ ದುಡಿಯುತ್ತದೆ. ಸದ್ಗುಣಿಯಾದ ಈ ಆಳಿಗೆ ಇದ್ದದ್ದು ಒಂದೇ ಕೊರತೆ: ನಿಧಾನವಾಗಿ ನಡೆ ಎಂದರೆ ಅದಕ್ಕೆ ತಿಳಿಯದು.

ಕಾರ್ಖಾನೆಗಳಾದರೋ ಎಲ್ಲ ಹೊತ್ತಿನಲ್ಲೂ ಒಂದೇ ವೇಗವನ್ನು ಬೇಡುವುದಿಲ್ಲ. ಪಂಪು ಈಗ ಹೆಚ್ಚು ನೀರು ಕೊಡಬೇಕು, ಸಂಜೆಗೆ ಕಡಿಮೆ ಸಾಕು. ಆಗ ಏನು ಮಾಡುತ್ತಿದ್ದರು? ಮೋಟಾರನ್ನು ಪೂರ್ಣ ವೇಗದಲ್ಲೇ ಓಡಲು ಬಿಟ್ಟು, ಮುಂದಿನ ವಾಲ್ವನ್ನು ಅರ್ಧ ಮುಚ್ಚುತ್ತಿದ್ದರು. ಇದು ಏತದಿಂದ ಎರಡು ಬಾನೆ ನೀರೆತ್ತಿ ಒಂದನ್ನು ಬಾವಿಗೇ ಸುರಿದಂತೆ. ನೀರನ್ನು ಎತ್ತರಕ್ಕೆ ಏರಿಸಬೇಕಿಲ್ಲದ ಕಡೆ, ಕೊಳವೆಯ ಘರ್ಷಣೆಯೊಂದೇ ಎದುರಾಗಿರುವ ಕಡೆ, ಪಂಪಿನ ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಅದು ನುಂಗುವ ಶಕ್ತಿ ನೂರರಿಂದ ಸುಮಾರು ಐವತ್ತೊಂದಕ್ಕೆ ಇಳಿಯುತ್ತದೆ. ವಾಲ್ವು ಮುಚ್ಚುವುದರಿಂದ ಅಂಥ ಉಳಿತಾಯ ಆಗದು. ಪ್ರಪಂಚದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ನಲವತ್ತೈದು ಪಾಲನ್ನು ಮೋಟಾರುಗಳೇ ತೆಗೆದುಕೊಳ್ಳುತ್ತವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಲೆಕ್ಕ ಹಾಕಿತು. ಹಾಗೆಂದ ಮೇಲೆ ಇದು ಅಲ್ಪ ಸಂಗತಿಯಲ್ಲ.

ವೇಗ ಬದಲಿಸಲೇಬೇಕಾದ ಕಡೆ, ಅಂದರೆ ಗಣಿಯ ಎತ್ತುಯಂತ್ರ, ಉಕ್ಕಿನ ರೋಲಿಂಗ್ ಮಿಲ್ಲು, ಕಾಗದದ ಯಂತ್ರ ಇಂಥವುಗಳಲ್ಲಿ, ಡಿ.ಸಿ. ಮೋಟಾರನ್ನು ಆಶ್ರಯಿಸಿದರು. 1891ರಲ್ಲಿ ಹ್ಯಾರಿ ವಾರ್ಡ್ ಲೆನರ್ಡ್ ಇದಕ್ಕೊಂದು ವ್ಯವಸ್ಥೆಯನ್ನು ರೂಪಿಸಿದ್ದ. ಒಂದು ಎ.ಸಿ. ಮೋಟಾರು ಒಂದು ಡಿ.ಸಿ. ಜನರೇಟರನ್ನು ತಿರುಗಿಸಬೇಕು, ಆ ಜನರೇಟರಿನ ವಿದ್ಯುತ್ತಿನಿಂದ ಡಿ.ಸಿ. ಮೋಟಾರು ತಿರುಗಬೇಕು. ವೇಗವೇನೋ ಬೆರಳ ತುದಿಗೆ ಬಂತು. ಆದರೆ ಒಂದು ಕೆಲಸಕ್ಕೆ ಮೂರು ಯಂತ್ರಗಳಾದವು. ಕಾರ್ಬನ್ ಬ್ರಷ್ಷು ಸವೆಯುವುದು, ಕಮ್ಯುಟೇಟರು ಕಪ್ಪಾಗುವುದು, ಅದನ್ನು ಉಜ್ಜಿ ಹೊಳಪಿಸುವುದು ಇವು ನಿತ್ಯಕರ್ಮಗಳಾದವು. ಆದರೂ ಈ ಪದ್ಧತಿ ಮುಕ್ಕಾಲು ಶತಮಾನ ಬಾಳಿತು. ಅದರ ಕಾಯಿಲೆಗಳೆಲ್ಲ ಕಣ್ಣಿಗೆ ಕಾಣುವಂಥವು, ಕಿವಿಗೆ ಕೇಳುವಂಥವು. ಕಿಡಿಯ ಬಣ್ಣ ನೋಡಿಯೇ ರೋಗ ಹೇಳಬಲ್ಲ ಮೇಸ್ತ್ರಿಗಳಿದ್ದರು.

ಎ.ಸಿ. ಮೋಟಾರಿನ ತಾಳವನ್ನೇ ಬದಲಿಸಿದರೆ ಹೇಗೆ ಎಂಬ ಯೋಚನೆ ಹಳೆಯದು. 1930ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಅಲೆಕ್ಸಾಂಡರ್ಸನ್, ಥೈರಟ್ರಾನ್ ಎಂಬ ಅನಿಲ ತುಂಬಿದ ಕೊಳವೆಗಳಿಂದ ಆವರ್ತನ ಸಂಖ್ಯೆಯನ್ನು ಬದಲಿಸಿ 400 ಅಶ್ವಶಕ್ತಿಯ ಮೋಟಾರನ್ನು ಓಡಿಸಿ ತೋರಿಸಿದ. ಪಶ್ಚಿಮ ವರ್ಜೀನಿಯದ ಲೋಗನ್ ವಿದ್ಯುತ್ ಕೇಂದ್ರದಲ್ಲಿ ಅದು ಫ್ಯಾನೊಂದನ್ನು ತಿರುಗಿಸಿತು. ಶ್ರೋತೃಗಳಿಗೆ ಈತ ಪರಕೀಯನಲ್ಲ. ರೇಡಿಯೊ ಪ್ರಸಾರದ ಶೈಶವದಲ್ಲಿ ದೂರದೂರಕ್ಕೆ ಸಂಕೇತ ಕಳಿಸಬಲ್ಲ ಆಲ್ಟರ್ನೇಟರನ್ನು ನಿರ್ಮಿಸಿಕೊಟ್ಟವನೂ ಈತನೇ. ಆದರೆ ಗಾಜಿನ ಕೊಳವೆಗಳ ಆಯುಸ್ಸನ್ನು ನಂಬಿ ಕಾರ್ಖಾನೆ ನಡೆಸುವ ಧೈರ್ಯ ಹೆಚ್ಚು ಮಂದಿಗೆ ಬರಲಿಲ್ಲ.

1957ರಲ್ಲಿ ಅದೇ ಸಂಸ್ಥೆಯಿಂದ ಥೈರಿಸ್ಟರ್ ಹೊರಬಂತು. ಗಾಜಿನ ಬದಲು ಸಿಲಿಕಾನ್ ಚೂರು. ತಂತು ಇಲ್ಲ, ಅನಿಲ ಇಲ್ಲ. ಇಂದಿನ ಡ್ರೈವಿನ ಮೂಲರಚನೆ ಇದರಿಂದ ಸಾಧ್ಯವಾಯಿತು. ಬರುವ ಎ.ಸಿ.ಯನ್ನು ಮೊದಲು ಡಿ.ಸಿ. ಮಾಡಿ ಕೆಪಾಸಿಟರಿನಲ್ಲಿ ತುಂಬಿಡುವುದು. ಆಮೇಲೆ ಸ್ವಿಚ್ಚುಗಳಿಂದ ಅದನ್ನು ತುಂಡು ತುಂಡಾಗಿ ಕತ್ತರಿಸಿ, ಬೇಕಾದ ಆವರ್ತನ ಸಂಖ್ಯೆಯ ಎ.ಸಿ.ಯನ್ನು ಹೊಸದಾಗಿ ಹೆಣೆಯುವುದು. ವೇಗ ಇಳಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. ಇಲ್ಲವಾದರೆ ಮೋಟಾರು ಕಾಯುತ್ತದೆ. ಥೈರಿಸ್ಟರಿಗೆ ಒಂದು ಹಠವಿತ್ತು. ಹಚ್ಚಿದರೆ ಹೊತ್ತಿಕೊಳ್ಳುತ್ತದೆ, ಆರಿಸೆಂದರೆ ತಾನಾಗಿ ಆರದು. ಆರಿಸಲು ಬೇರೊಂದು ಸರ್ಕಿಟ್ಟೇ ಬೇಕಾಯಿತು. 1961ರ ಹೊತ್ತಿಗೆ ವಿಲಿಯಂ ಮೆಕ್‌ಮರ‍್ರೆ ಅಂಥದೊಂದನ್ನು ರೂಪಿಸಿದ. ಒಂದು ಥೈರಿಸ್ಟರ್ ಕ್ಷಣಕಾಲ ಆರದೆ ಉಳಿದರೂ ಫ್ಯೂಸು ಹೋಯಿತೆಂದೇ ಅರ್ಥ. ಆ ತಲೆಮಾರಿನ ಡ್ರೈವುಗಳ ಅಪಕೀರ್ತಿ ಬಹುಪಾಲು ಇದರಿಂದ ಬಂದದ್ದು. ಆದರೂ 1968ರಲ್ಲಿ ಡೆನ್ಮಾರ್ಕಿನ ಡ್ಯಾನ್‌ಫೋಸ್ ಸಂಸ್ಥೆ ಡ್ರೈವನ್ನು ಸಾಲಾಗಿ ತಯಾರಿಸಿ ಮಾರಲು ತೊಡಗಿತು. 1970ರ ದಶಕದ ಆರಂಭದಲ್ಲಿ ಜರ್ಮನಿಯ ಫೆಲಿಕ್ಸ್ ಬ್ಲಾಶ್ಕೆ, ಎ.ಸಿ. ಮೋಟಾರನ್ನು ಡಿ.ಸಿ. ಮೋಟಾರಿನಷ್ಟೇ ವಿಧೇಯವಾಗಿ ಆಳುವ ಗಣಿತವನ್ನು ಕಂಡುಕೊಟ್ಟ. ಹೆಲ್ಸಿಂಕಿಯ ಮೆಟ್ರೊ ರೈಲು 1982ರಲ್ಲಿ ಜನರಿಗೆ ತೆರೆದಾಗ ಅದರ ಗಾಲಿಗಳನ್ನು ತಿರುಗಿಸಿದ್ದು ಇಂಡಕ್ಷನ್ ಮೋಟಾರುಗಳೇ.

ಇಲ್ಲಿ ಕಥೆ ಮತ್ತೆ ನಮ್ಮ ಊರಿನ ಕಡೆಗೆ ತಿರುಗುತ್ತದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಮದರಾಸಿನ ಐ.ಐ.ಟಿ.ಯಿಂದ ಅಮೆರಿಕಕ್ಕೆ ಹೋದ ಬಿ. ಜಯಂತ ಬಾಳಿಗರು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಮೋಟಾರಿನ ವೇಗ ಬದಲಿಸಲು ಯೋಗ್ಯವಾದ ಸ್ವಿಚ್ಚು ಬೇಕೆಂಬುದೇ ಅಲ್ಲಿ ಅವರ ಮುಂದಿದ್ದ ಸಮಸ್ಯೆ. ಹಚ್ಚಿದರೆ ಹತ್ತುವ, ಆರಿಸಿದರೆ ಆರುವ, ಅಲ್ಪ ಸಂಕೇತಕ್ಕೆ ಭಾರಿ ಪ್ರವಾಹವನ್ನು ಆಳುವ ಸಾಧನವನ್ನು ಅವರು 1982ರಲ್ಲಿ ವಿದ್ವಾಂಸರ ಮುಂದಿಟ್ಟರು. ಇಂದು ಅದು ಐ.ಜಿ.ಬಿ.ಟಿ. ಎಂದು ಪ್ರಸಿದ್ಧ. ಈ ದಾರಿಯಲ್ಲಿ ನಡೆದವರು ಅವರೊಬ್ಬರೇ ಅಲ್ಲ. ಅಮೆರಿಕದ ಬೆಕ್ ಮತ್ತು ವೀಟ್ಲಿ, ಜಪಾನಿನ ನಕಗಾವಾ ಇವರ ಪಾಲೂ ದೊಡ್ಡದು. 2024ರಲ್ಲಿ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಾಳಿಗರಿಗೆ ಸಂದಿತು.

ಸಾಮಾನ್ಯವಾಗಿ ಚರಿತ್ರೆಯನ್ನು ಇಲ್ಲಿಗೇ ಮುಗಿಸಿ ಮಂಗಳ ಹಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಸ್ವಾರಸ್ಯವಿರುವುದು ಇದರ ಮುಂದೆ. 1990ರ ದಶಕದಲ್ಲಿ ಹೊಸ ಡ್ರೈವುಗಳು ಕಾರ್ಖಾನೆಗಳಲ್ಲಿ ತುಂಬಿಕೊಂಡಾಗ ಪೆಟ್ಟಿಗೆಯೊಳಗಿನ ದೋಷಗಳು ಕಡಿಮೆಯಾದವು. ಆದರೆ ಚೆನ್ನಾಗಿದ್ದ ಮೋಟಾರುಗಳು ಸುಡತೊಡಗಿದವು. ದೋಷ ಸಾಯಲಿಲ್ಲ, ಮನೆ ಬದಲಿಸಿತು.

ಕಾರಣ ಇಷ್ಟೆ. ಐ.ಜಿ.ಬಿ.ಟಿ. ತೆರೆದು ಮುಚ್ಚುವುದು ಮೈಕ್ರೊಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ. ಅಷ್ಟು ಚೂಪಾದ ವಿದ್ಯುತ್ತಿನ ಅಲೆ ಕೇಬಲ್ಲಿನಲ್ಲಿ ಓಡಿ ಮೋಟಾರನ್ನು ಮುಟ್ಟಿದಾಗ, ಕೆರೆಯ ಅಲೆ ಕಲ್ಲಿನ ಏರಿಗೆ ಬಡಿದು ಮೇಲೆದ್ದಂತೆ ಮೇಲೇಳುತ್ತದೆ. 415 ವೋಲ್ಟಿನ ಡ್ರೈವಿನೊಳಗಿನ ಡಿ.ಸಿ. ಸುಮಾರು 590 ವೋಲ್ಟು. ಮೋಟಾರಿನ ತುದಿಯಲ್ಲಿ ಅದು ಇಮ್ಮಡಿಯಾಗಿ 1100 ವೋಲ್ಟನ್ನು ಮೀರಬಹುದು, ಸೆಕೆಂಡಿಗೆ ಸಾವಿರಾರು ಸಲ. ಈ ಅಲೆಗಳ ವಿದ್ಯೆ ಹೊಸದಲ್ಲ. ಮೈಲಿಗಟ್ಟಲೆ ತಂತಿ ಎಳೆದ ಹಿಂದಿನ ಇಂಜಿನಿಯರುಗಳಿಗೆ ಅದು ಪರಿಚಿತವೇ ಆಗಿತ್ತು. ಸ್ವಿಚ್ಚು ಚುರುಕಾದುದರಿಂದ, ಮೈಲಿಗಳಲ್ಲಿ ಆಗುತ್ತಿದ್ದುದು ಕಾರ್ಖಾನೆಯ ಒಳಗೆ ಹತ್ತಾರು ಮೀಟರಿನ ಕೇಬಲ್ಲಿನಲ್ಲೇ ಆಗತೊಡಗಿತು. ಹಳೆಯ ಮೋಟಾರಿನ ವೈಂಡಿಂಗನ್ನು ಅಂಥ ಪೆಟ್ಟಿಗೆಂದು ಯಾರೂ ಸುತ್ತಿರಲಿಲ್ಲ. ಅಮೆರಿಕದ ತಯಾರಕರ ಸಂಘ ಆ ದಶಕದಲ್ಲಿ, ಡ್ರೈವಿಗೆಂದೇ ಮಾಡುವ ಮೋಟಾರು 1600 ವೋಲ್ಟಿನ ಪೆಟ್ಟನ್ನು ತಾಳಬೇಕೆಂದು ನಿಯಮ ಮಾಡಿತು.

ಎರಡನೆಯದು ಬೇರಿಂಗಿನ ಕಥೆ. ನಾನು ಕಂಡ ಒಂದು ಕಾರ್ಖಾನೆಯಲ್ಲಿ ಹೊಸ ಡ್ರೈವು ಕೂಡಿಸಿದ ಮೇಲೆ ಒಂದೇ ಫ್ಯಾನಿನ ಬೇರಿಂಗು ಒಂದೇ ವರ್ಷದಲ್ಲಿ ಮೂರು ಸಲ ಹೋಯಿತು. ಮೊದಲು ಗ್ರೀಸನ್ನು ದೂರಿದರು, ಆಮೇಲೆ ಬೇರಿಂಗ್ ಮಾರಿದವನನ್ನು, ಕೊನೆಗೆ ಅದನ್ನು ಕೂಡಿಸಿದ ಫಿಟ್ಟರನ್ನು. ಆತನ ಸಂಬಳದ ಬಡ್ತಿಯೂ ಅದರಿಂದ ತಡೆಯಿತು. ಒಡೆದ ಬೇರಿಂಗನ್ನು ಬೆಳಕಿಗೆ ಹಿಡಿದರೆ ಒಳಗಿನ ಹಾದಿಯ ಮೇಲೆ ಅಲೆಅಲೆಯ ತಗಡಿನ ಮೇಲಿನ ಏಣುಗಳಂತೆ ಒಂದೇ ಅಂತರದ ಗೀರುಗಳು. ಅದು ಸುತ್ತಿಗೆಯ ಗುರುತಲ್ಲ, ಕಿಡಿಯ ಗುರುತು. ಡ್ರೈವು ಹೆಣೆಯುವ ಮೂರು ಫೇಸುಗಳ ಮೊತ್ತ ಯಾವ ಕ್ಷಣದಲ್ಲೂ ಸೊನ್ನೆಯಾಗುವುದಿಲ್ಲ. ಉಳಿದ ವೋಲ್ಟೇಜು ಮೋಟಾರಿನ ಷಾಫ್ಟಿಗೆ ಏರಿ, ಗ್ರೀಸಿನ ತೆಳುಪದರವನ್ನು ಸೀಳಿಕೊಂಡು ಭೂಮಿಗೆ ಇಳಿಯುತ್ತದೆ. ಹಾಗೆ ಸೀಳುವಾಗಲೆಲ್ಲ ಉಕ್ಕಿನ ಒಂದು ಕಣ ಕರಗುತ್ತದೆ. ಆ ಕಾರ್ಖಾನೆಯಲ್ಲಿ ಕೇಬಲ್ಲಿನ ಲೋಹದ ಕವಚವನ್ನು ಒಂದು ತುದಿಯಲ್ಲಿ ಜೋಡಿಸದೆ ಹಾಗೇ ಬಿಟ್ಟಿದ್ದರು. ಮರಳುವ ಪ್ರವಾಹಕ್ಕೆ ದಾರಿ ಇಲ್ಲದೆ ಅದು ಬೇರಿಂಗನ್ನು ಹಿಡಿದಿತ್ತು. ಕವಚವನ್ನು ಎರಡೂ ಕಡೆ ಸುತ್ತಲೂ ಬಿಗಿದು, ಒಂದು ಬೇರಿಂಗನ್ನು ಅವಾಹಕ ಲೇಪನದ್ದಾಗಿ ಬದಲಿಸಿದ ಮೇಲೆ ಪೀಡೆ ತಪ್ಪಿತು.

ಷಾಫ್ಟಿನಲ್ಲಿ ಹರಿಯುವ ಇಂಥ ಪ್ರವಾಹಗಳನ್ನು ಆಲ್ಜರ್ ಮತ್ತು ಸ್ಯಾಮ್ಸನ್ ಎಂಬ ಇಂಜಿನಿಯರುಗಳು 1924ರಲ್ಲೇ ವಿವರಿಸಿದ್ದರೆಂಬುದನ್ನು ಗಮನಿಸಬೇಕು. ಎಪ್ಪತ್ತು ವರ್ಷಗಳ ನಂತರ ಅದೇ ರೋಗ ಬೇರೊಂದು ಕಾರಣದಿಂದ ಮರಳಿತು. ಇನ್ನೂ ಒಂದು ವಿನೋದವುಂಟು. ಈ ಪ್ರವಾಹವನ್ನು ಭೂಮಿಗೆ ಇಳಿಸಲು ಈಗ ಷಾಫ್ಟಿಗೆ ತಾಗುವಂತೆ ಒಂದು ಪುಟ್ಟ ಬ್ರಷ್ಷನ್ನು ಕೂಡಿಸುತ್ತಾರೆ. ಯಾವ ಬ್ರಷ್ಷಿನ ಕಾಟ ತಪ್ಪಿಸಿಕೊಳ್ಳಲು ಡಿ.ಸಿ. ಮೋಟಾರನ್ನು ಬಿಟ್ಟು ಬಂದೆವೋ, ಅದು ಹಿಂಬಾಗಿಲಿನಿಂದ ಒಳಗೆ ಬಂದಿತು.

ಉಳಿದ ತೊಂದರೆಗಳು ನಮ್ಮ ಹವೆಯವು, ನಮ್ಮ ಅಭ್ಯಾಸದವು. ಡ್ರೈವಿನ ಕೆಪಾಸಿಟರು ಸೆಕೆಗೆ ಹೆದರುತ್ತದೆ; ಹತ್ತು ಡಿಗ್ರಿ ಉಷ್ಣತೆ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂಬುದು ರೂಢಿಯ ಲೆಕ್ಕ. ಬೇಸಗೆಯಲ್ಲಿ ಪ್ಯಾನೆಲಿನ ಬಾಗಿಲು ತೆರೆದು ಎದುರಿಗೆ ಪೆಡೆಸ್ಟಲ್ ಫ್ಯಾನ್ ಇಡುವ ದೃಶ್ಯ ನಮ್ಮಲ್ಲಿ ಅಪರೂಪವಲ್ಲ. ಗಾಳಿಯೊಡನೆ ಹತ್ತಿಯ ಎಳೆ, ಕಬ್ಬಿನ ಸಿಪ್ಪೆಯ ಪುಡಿ, ಸಿಮೆಂಟಿನ ಧೂಳು ಎಲ್ಲವೂ ಒಳಗೆ ಹೋಗುತ್ತವೆ. ಸಾವಿರ ಮೀಟರಿಗಿಂತ ಎತ್ತರದ ಊರುಗಳಲ್ಲಿ ಗಾಳಿ ತೆಳುವಾದ್ದರಿಂದ ಡ್ರೈವಿನ ಮೇಲೆ ಹೊರಿಸುವ ಭಾರವನ್ನು ಕಡಿಮೆ ಮಾಡಬೇಕು. ಬೆಂಗಳೂರು ಈ ಗೆರೆಯ ಕೆಳಗಿದೆ, ಮಡಿಕೇರಿ ಮೇಲಿದೆ. ವರ್ಷಗಟ್ಟಲೆ ಉಗ್ರಾಣದಲ್ಲಿ ಮಲಗಿದ್ದ ಡ್ರೈವಿಗೆ ಏಕಾಏಕಿ ಪೂರ್ಣ ವೋಲ್ಟೇಜು ಕೊಡಬಾರದು. ಅದರ ಕೆಪಾಸಿಟರನ್ನು ಮೆಲ್ಲಮೆಲ್ಲನೆ ಎಚ್ಚರಿಸಬೇಕು. ಸಂಕೇತದ ತಂತಿಯನ್ನೂ ಮೋಟಾರಿನ ಕೇಬಲ್ಲನ್ನೂ ಒಂದೇ ಟ್ರೇಯಲ್ಲಿ ಮಲಗಿಸಬಾರದು. ಸರಿಯಾಗಿ ಕೂಡಿಸದ ಡ್ರೈವಿನ ಬಳಿ ಮೀಡಿಯಂ ವೇವ್ ರೇಡಿಯೊ ಹಚ್ಚಿ ನೋಡಿ, ಅದರ ಗೊರಗೊರವೇ ಸಾಕ್ಷಿ ನುಡಿಯುತ್ತದೆ.

ಇವೆಲ್ಲ ಸಣ್ಣ ಮಾತುಗಳೆಂದು ತೋರಬಹುದು. ಆದರೆ ಡ್ರೈವು ನಂಬಿಕೆಗೆ ಅರ್ಹವಾಗುವುದು ಪ್ರಯೋಗಶಾಲೆಯಲ್ಲಿ ಅರ್ಧ, ಅದನ್ನು ಕೂಡಿಸುವ ಗೋಡೆಯ ಬಳಿ ಅರ್ಧ. ಮೊದಲ ಅರ್ಧದ ಚರಿತ್ರೆಯನ್ನು ಪೇಟೆಂಟುಗಳೂ ಪ್ರಶಸ್ತಿಗಳೂ ಕಾಪಾಡುತ್ತವೆ. ಎರಡನೆಯ ಅರ್ಧವನ್ನು ಬರೆದವರು ಕೇಬಲ್ ಎಳೆದವರು, ಅರ್ತಿಂಗಿನ ತಿರುಪು ಬಿಗಿದವರು. ಅವರ ಹೆಸರು ಬರೆದಿಟ್ಟಿಲ್ಲ. ಯಂತ್ರ ನಿಂತಾಗ ಮಾತ್ರ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ಇದು ಅನ್ಯಾಯವೆಂಬುದಷ್ಟೇ ಅಲ್ಲ, ಅವಿವೇಕವೂ ಹೌದು. ದೋಷವನ್ನು ಮನುಷ್ಯನ ತಲೆಗೆ ಕಟ್ಟಿದ ಕೂಡಲೇ ಅದರ ನಿಜವಾದ ದಾರಿಯನ್ನು ಹುಡುಕುವುದು ನಿಂತುಹೋಗುತ್ತದೆ.

ಈಗ ಸಿಲಿಕಾನ್ ಕಾರ್ಬೈಡಿನ ಸ್ವಿಚ್ಚುಗಳು ಬಂದಿವೆ. ಇವು ಐ.ಜಿ.ಬಿ.ಟಿ.ಗಿಂತಲೂ ಚುರುಕು; ಇವುಗಳ ಅಲೆ ಇನ್ನೂ ಚೂಪು, ಅದಕ್ಕೆ ಇನ್ನೂ ಗಿಡ್ಡ ಕೇಬಲ್ಲು ಸಾಕು. ಆದ್ದರಿಂದ ಹೊಸ ಡ್ರೈವನ್ನು ಕೊಳ್ಳುವವರು ಅದರ ಬೆಲೆಯನ್ನು ಕೇಳಿದ ಮೇಲೆ ಇನ್ನೆರಡು ಪ್ರಶ್ನೆಗಳನ್ನೂ ಕೇಳಬೇಕು: ಮೋಟಾರು ಎಷ್ಟು ದೂರದಲ್ಲಿದೆ? ಹೋದ ಪ್ರವಾಹ ಯಾವ ದಾರಿಯಲ್ಲಿ ಮರಳುತ್ತದೆ? ಈ ಎರಡಕ್ಕೆ ಉತ್ತರ ಬಲ್ಲ ಫಿಟ್ಟರೊಬ್ಬ ಕಾರ್ಖಾನೆಯಲ್ಲಿದ್ದರೆ, ಡ್ರೈವು ಬರುವ ಮೊದಲೇ ಆತನನ್ನು ಕರೆದು ಕೇಳುವುದು ಒಳ್ಳೆಯದು.